ಅಪ್ಪನ ಹೆಸರಿನಲ್ಲಿರುವ ಅಂಗಡಿ ಅಪ್ಪನ ನಂತರವೂ ನಡೆಯಬೇಕಾದರೆ

ಪ್ರಶ್ನೆ: ನಮ್ಮ ತಂದೆ 1988ರಲ್ಲಿ ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿ ಆರಂಭಿಸಿದರು. ಇಂದು ಪೇಟೆಯಲ್ಲಿ ಸುಮಾರು 300 ಚದರಡಿಯ ಬಾಡಿಗೆ ಅಂಗಡಿ, ಊರ ಹೊರಗೆ ತಂದೆಯ ಹೆಸರಿನ ನಿವೇಶನದಲ್ಲಿ ಬೀಜ ಹುರಿದು ಪುಡಿ ಮಾಡುವ ಘಟಕ, ಒಟ್ಟು 14 ಕೆಲಸಗಾರರು ಇದ್ದಾರೆ. ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಹುರಿಯುವ ಘಟಕ ಮತ್ತು ಹೋಟೆಲುಗಳಿಗೆ ಸರಬರಾಜು ತಮ್ಮನ ಜವಾಬ್ದಾರಿ. ತಂಗಿ ಮದುವೆಯಾಗಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ತಾಯಿ ಮತ್ತು ತಂದೆಯ ತಾಯಿ, ಅಂದರೆ ನಮ್ಮ ಅಜ್ಜಿ, ಜೊತೆಗಿದ್ದಾರೆ. ತಂದೆಗೆ 71 ವರ್ಷ. ಕಳೆದ ವರ್ಷ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಜಿಎಸ್‌ಟಿ, ಆಹಾರ ಪರವಾನಗಿ, ಚಾಲ್ತಿ ಖಾತೆ, ಮನೆ ಅಡವಿಟ್ಟು ಪಡೆದ ಸಾಲ ಎಲ್ಲವೂ ಅವರ ಹೆಸರಿನಲ್ಲಿವೆ. ಅಂಗಡಿಯ ಹೆಸರು ಮನೆದೇವರದು. ಈಚೆಗೆ ಪಕ್ಕದ ತಾಲ್ಲೂಕಿನಲ್ಲಿ ಅದೇ ಹೆಸರಿನ ಪೊಟ್ಟಣ ಕಾಣಿಸಿಕೊಂಡಿದೆ. 'ಪ್ರೈವೇಟ್ ಲಿಮಿಟೆಡ್ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ' ಎನ್ನುತ್ತಾರೆ ಆಡಿಟರ್. ಅಷ್ಟು ಮಾಡಿದರೆ ಸಾಕೇ?

ಉತ್ತರ: ಸಾಲದು. ನಿಮ್ಮ ಆಡಿಟರ್ ಹೇಳಿದ್ದು ತಪ್ಪಲ್ಲ, ಆದರೆ ಅದು ಮೂರನೆಯ ಹೆಜ್ಜೆ. ಮೊದಲನೆಯದು ತಂದೆಯವರ ಉಯಿಲು. ಎರಡನೆಯದು ಮನೆಯವರೆಲ್ಲ ಒಟ್ಟಿಗೆ ಕುಳಿತು, ಯಾರಿಗೆ ಎಷ್ಟು, ಯಾರ ಮಾತು ಎಲ್ಲಿ ನಡೆಯಬೇಕು ಎಂಬುದನ್ನು ಬಾಯಿಬಿಟ್ಟು ಮಾತನಾಡುವುದು. ಈ ಎರಡನ್ನೂ ಬಿಟ್ಟು ಕಂಪನಿ ಮಾಡಿದರೆ, ಇತ್ಯರ್ಥವಾಗದ ಜಗಳವೊಂದಕ್ಕೆ ನೋಂದಣಿ ಸಂಖ್ಯೆ ಕೊಟ್ಟಂತಾಗುತ್ತದೆ, ಅಷ್ಟೇ.

ಈಗಿನ ಸ್ಥಿತಿಯನ್ನು ಮೊದಲು ಸರಿಯಾಗಿ ನೋಡೋಣ. ಊರಿನವರ ಕಣ್ಣಿಗೆ ನಿಮ್ಮದು ಮೂರೂವರೆ ದಶಕ ದಾಟಿದ ಸಂಸ್ಥೆ. ಕಾನೂನಿನ ಕಣ್ಣಿಗೆ ಅಂಥ ಸಂಸ್ಥೆಯೇ ಇಲ್ಲ. ಇರುವುದು ನಿಮ್ಮ ತಂದೆ ಮಾತ್ರ. ಏಕವ್ಯಕ್ತಿ ಮಾಲೀಕತ್ವದಲ್ಲಿ ವ್ಯಾಪಾರಕ್ಕೆ ಮಾಲೀಕನಿಂದ ಬೇರೆಯಾದ ಅಸ್ತಿತ್ವವಿಲ್ಲ. ಅಂಗಡಿಯ ಸಾಲ ಅವರ ಸ್ವಂತ ಸಾಲ, ಅಂಗಡಿಯ ಸರಕು ಅವರ ಸ್ವಂತ ಸ್ವತ್ತು. ಜಿಎಸ್‌ಟಿ ನೋಂದಣಿ ಅವರ ಪ್ಯಾನ್ ಸಂಖ್ಯೆಗೆ ಅಂಟಿಕೊಂಡಿದೆ. ಅವರು ತೀರಿಕೊಂಡರೆ ಆ ನೋಂದಣಿ ರದ್ದಾಗಬೇಕು, ವ್ಯಾಪಾರ ಮುಂದುವರಿಸುವವರು ಹೊಸದಾಗಿ ನೋಂದಾಯಿಸಿಕೊಳ್ಳಬೇಕು, ಹಳೆಯ ಖಾತೆಯಲ್ಲಿ ಉಳಿದ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಆಹಾರ ಸುರಕ್ಷತಾ ಕಾಯ್ದೆಯಡಿಯ ಪರವಾನಗಿ, ಪರವಾನಗಿದಾರ ತೀರಿಕೊಂಡ ಮೇಲೆ ವಾರಸುದಾರರ ಅನುಕೂಲಕ್ಕಾಗಿ ಮೂರು ತಿಂಗಳು ಮಾತ್ರ ಉಸಿರಾಡುತ್ತದೆ. ಅಧಿಕಾರಿ ಒಪ್ಪಿದರೆ ಇನ್ನಷ್ಟು ಕಾಲ. ಚಾಲ್ತಿ ಖಾತೆಯಿಂದ ಹಣ ಹೊರಡುವುದು ನಿಂತುಹೋಗುತ್ತದೆ. ಕಾಫಿಬೀಜ ಕೊಟ್ಟವರಿಗೆ ಆ ವಾರ ಕೊಡಬೇಕಾದ ಹಣವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ಪಾಲಿನ ಮಾತು. ನಿಮ್ಮದು ಹಿಂದೂ ಉತ್ತರಾಧಿಕಾರ ಕಾಯ್ದೆ, 1956ಕ್ಕೆ ಒಳಪಟ್ಟ ಕುಟುಂಬ ಎಂದು ಪತ್ರದಿಂದ ತಿಳಿಯುತ್ತದೆ. ಉಯಿಲು ಇಲ್ಲದೆ ತಂದೆ ತೀರಿಕೊಂಡರೆ ಅವರ ಸ್ವಯಾರ್ಜಿತ ಸ್ವತ್ತು ಮೊದಲ ವರ್ಗದ ವಾರಸುದಾರರಿಗೆ ಸಮನಾಗಿ ಹೋಗುತ್ತದೆ. ನಿಮ್ಮ ತಾಯಿ, ನೀವು, ತಮ್ಮ, ತಂಗಿ ಎಂದು ನಾಲ್ಕು ಪಾಲು ಎಣಿಸಿಕೊಂಡಿದ್ದರೆ ಲೆಕ್ಕ ತಪ್ಪಿದೆ. ಮೃತನ ತಾಯಿಯೂ ಮೊದಲ ವರ್ಗದ ವಾರಸುದಾರಳು. ಆದ್ದರಿಂದ ಅಜ್ಜಿಗೂ ಐದನೇ ಒಂದು ಪಾಲು. ಅಜ್ಜಿಗೆ ಪಾಲು ಸಿಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮುಂದೆ ಅಜ್ಜಿಯೂ ಉಯಿಲು ಬರೆಯದೆ ಹೋದರೆ ಆ ಐದನೇ ಒಂದು ಪಾಲು ಅವರ ಎಲ್ಲ ಗಂಡು ಹೆಣ್ಣುಮಕ್ಕಳಿಗೆ ಹಂಚಿಹೋಗುತ್ತದೆ. ನಿಮ್ಮ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆಯರು ಕಾಫಿಪುಡಿ ಅಂಗಡಿಯ ಸಹಮಾಲೀಕರಾಗುತ್ತಾರೆ. ಯಾರೂ ಕೆಟ್ಟವರಾಗಬೇಕಿಲ್ಲ, ಯಾರೂ ಮೋಸ ಮಾಡಬೇಕಿಲ್ಲ. ಕಾಯ್ದೆ ತನ್ನ ಪಾಡಿಗೆ ಕೆಲಸ ಮಾಡಿದರೆ ಸಾಕು, ಹತ್ತು ವರ್ಷದೊಳಗೆ ಅಂಗಡಿಗೆ ಹನ್ನೆರಡು ಜನ ಒಡೆಯರಿರಬಹುದು. ಒಬ್ಬ ವಾರಸುದಾರ ತನ್ನ ಪಾಲನ್ನು ಮಾರಹೊರಟರೆ ಉಳಿದ ಮೊದಲ ವರ್ಗದ ವಾರಸುದಾರರಿಗೆ ಕೊಳ್ಳುವ ಮೊದಲ ಹಕ್ಕನ್ನು ಅದೇ ಕಾಯ್ದೆಯ 22ನೇ ಸೆಕ್ಷನ್ ಕೊಡುತ್ತದೆ. 'ವ್ಯಾಪಾರ'ದ ಪಾಲಿಗೂ ಅದು ಅನ್ವಯಿಸುತ್ತದೆ. ಆದರೆ ಬೆಲೆಯಲ್ಲಿ ಒಮ್ಮತ ಮೂಡದಿದ್ದರೆ ನ್ಯಾಯಾಲಯವೇ ಅದನ್ನು ನಿಗದಿ ಮಾಡಬೇಕು. ಅದನ್ನು ನಂಬಿ ಕೂರಬೇಡಿ.

ಸಾವಿನ ಮಾತನ್ನು ಎಲ್ಲರೂ ಹೇಗೋ ಯೋಚಿಸಿರುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಇನ್ನೊಂದು ಸಾಧ್ಯತೆ. ತಂದೆ ಬದುಕಿದ್ದಾರೆ, ಆದರೆ ಸಹಿ ಹಾಕುವ ಸ್ಥಿತಿಯಲ್ಲಿಲ್ಲ. ಪಾರ್ಶ್ವವಾಯು, ಮರೆವಿನ ಕಾಯಿಲೆ, ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಪ್ರಜ್ಞೆಯಿಲ್ಲದ ಸ್ಥಿತಿ, ಇವು ಯಾವ ಮನೆಗೂ ಬರಬಹುದಾದವು. ಆಗ ವಾರಸುದಾರರ ಪ್ರಶ್ನೆಯೇ ಹುಟ್ಟುವುದಿಲ್ಲ, ಏಕೆಂದರೆ ಮಾಲೀಕ ಜೀವಂತ ಇದ್ದಾರೆ. 'ಜನರಲ್ ಪವರ್ ಆಫ್ ಅಟಾರ್ನಿ ಮಾಡಿಸಿದ್ದೇವೆ, ನಾನೇ ಸಹಿ ಹಾಕುತ್ತೇನೆ' ಎಂದು ಬಹಳ ಮಂದಿ ನಿಶ್ಚಿಂತೆಯಿಂದ ಹೇಳುತ್ತಾರೆ. ಭಾರತೀಯ ಕರಾರು ಕಾಯ್ದೆ, 1872ರ 201ನೇ ಸೆಕ್ಷನ್ ಓದಿ. ಅಧಿಕಾರ ಕೊಟ್ಟವರು ತೀರಿಕೊಂಡರೂ ಅಧಿಕಾರ ಮುಗಿಯಿತು, ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೂ ಮುಗಿಯಿತು. ಅಂದರೆ ಆ ಪತ್ರ ಯಾವ ದಿನಕ್ಕಾಗಿ ಬೇಕಿತ್ತೋ ಅದೇ ದಿನ ಅದು ಸತ್ತಿರುತ್ತದೆ. ಆಮೇಲೆ ಉಳಿಯುವ ದಾರಿ, ರಕ್ಷಕರನ್ನು ನೇಮಿಸುವಂತೆ ಹೈಕೋರ್ಟಿಗೆ ಹೋಗುವುದು. ಆಸ್ಪತ್ರೆಯ ಬಾಗಿಲಲ್ಲಿ ಕುಳಿತ ಮನೆಯವರಿಗೆ ಅದು ಎಂಥ ಹೊರೆ ಎಂಬುದನ್ನು ಊಹಿಸಿಕೊಳ್ಳಿ. ವ್ಯಾಪಾರವನ್ನು ತಂದೆಯವರ ಸಹಿಯಿಂದ ಬಿಡಿಸಿ ಬೇರೊಂದು ಅಸ್ತಿತ್ವಕ್ಕೆ ಕೊಡಬೇಕು ಎಂದು ನಾನು ಒತ್ತಾಯಿಸುವುದು ಮುಖ್ಯವಾಗಿ ಈ ಕಾರಣಕ್ಕೆ. ಕಂಪನಿಯಲ್ಲಿ ಒಬ್ಬ ನಿರ್ದೇಶಕರು ಆಸ್ಪತ್ರೆಯಲ್ಲಿದ್ದರೂ ಇನ್ನೊಬ್ಬರು ಚೆಕ್ಕಿಗೆ ಸಹಿ ಹಾಕಬಹುದು.

ಆದ್ದರಿಂದ ಈ ತಿಂಗಳಲ್ಲೇ ಉಯಿಲು. ಅದಕ್ಕೆ ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವೂ ಅಲ್ಲ. ತಂದೆ ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ದೃಢೀಕರಿಸಬೇಕು. ಕಾಯ್ದೆ ಕೇಳುವುದು ಇಷ್ಟು. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ ಎಂದೇ ನನ್ನ ಸಲಹೆ. ಈಚೆಗಷ್ಟೇ ದೊಡ್ಡ ಶಸ್ತ್ರಚಿಕಿತ್ಸೆಯಾಗಿರುವುದರಿಂದ, ಅವರ ಮನಸ್ಸು ಸ್ಪಷ್ಟವಾಗಿದೆ ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರಿಂದ ಅದೇ ದಿನಾಂಕದ ಪ್ರಮಾಣಪತ್ರ ಪಡೆದಿಡಿ. ಸಾಕ್ಷಿಗಳು ಪಾಲು ಪಡೆಯುವವರಾಗಿರಬಾರದು, ತಂದೆಗಿಂತ ಕಿರಿಯರಾಗಿರಲಿ, ಮುಂದೆ ನ್ಯಾಯಾಲಯಕ್ಕೆ ಬಂದು ಹೇಳುವ ಧೈರ್ಯವಿರುವವರಾಗಿರಲಿ. ಅಂಗಡಿ ಯಾರಿಗೆ ಎಂದಷ್ಟೇ ಬರೆದರೆ ಸಾಲದು. ಸರಕು, ಬಾಕಿ ವಸೂಲಿ, ಯಂತ್ರಗಳು, ಅಂಗಡಿಯ ಹೆಸರು, ನಿವೇಶನ, ಸಾಲದ ಹೊಣೆ ಇವನ್ನೆಲ್ಲ ಬಿಡಿಬಿಡಿಯಾಗಿ ನಮೂದಿಸಬೇಕು. ಮುಂದೆ ಕಂಪನಿಯಾದರೆ 'ನನ್ನ ಹೆಸರಿನ ಷೇರುಗಳು' ಯಾರಿಗೆ ಎಂಬ ವಾಕ್ಯವನ್ನೂ ಈಗಲೇ ಸೇರಿಸಿ.

'ಎಲ್ಲದಕ್ಕೂ ನಾಮಿನಿ ಹಾಕಿದ್ದೇವೆ, ಉಯಿಲು ಯಾಕೆ?' ಎಂಬುದು ಎಲ್ಲರೂ ಕೇಳುವ ಮಾತು. ನಾಮಿನಿ ಹಣವನ್ನು ಪಡೆದುಕೊಳ್ಳುವ ಕೈ ಮಾತ್ರ. ಕಂಪನಿ ಷೇರುಗಳ ವಿಷಯದಲ್ಲೂ ನಾಮಿನಿ ಪೂರ್ಣ ಒಡೆಯನಾಗುವುದಿಲ್ಲ, ಉತ್ತರಾಧಿಕಾರದ ಕಾನೂನೇ ಮೇಲು ಎಂದು 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನಾಮಿನಿಯನ್ನು ನಮೂದಿಸಿ, ಬೇಡವೆನ್ನುವುದಿಲ್ಲ. ಉಯಿಲಿನಲ್ಲಿರುವ ಹೆಸರೂ ನಾಮಿನಿಯ ಹೆಸರೂ ಒಂದೇ ಆಗಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಬೇರೆ ಧರ್ಮದ ಓದುಗರಿಗೆ ಒಂದು ಮಾತು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಿಂದ ಕೊಡಲಾಗದು. ಹಾಗಾಗಿ ಅಂಥ ಕುಟುಂಬಗಳು ಉಯಿಲಿಗಿಂತ ಜೀವಿತಕಾಲದಲ್ಲೇ ಪಾಲುದಾರಿಕೆ ಅಥವಾ ಷೇರು ಹಂಚಿಕೆಯ ಕಡೆಗೆ ಹೆಚ್ಚು ಗಮನ ಕೊಡಬೇಕು.

ನಿಮ್ಮ ಪತ್ರದಲ್ಲಿ ತಂಗಿಯ ಬಗ್ಗೆ ಒಂದೇ ಸಾಲಿದೆ. ಅವರಿಗೆ ಏನು ಕೊಡಬೇಕೆಂದುಕೊಂಡಿದ್ದೀರಿ ಎಂದು ನೀವು ಬರೆದಿಲ್ಲ. ಅಂಗಡಿ ಆರಂಭಿಸುವಾಗ ಮೂಲ ಬಂಡವಾಳ ಎಲ್ಲಿಂದ ಬಂತು ಎಂದು ತಂದೆಯನ್ನು ಕೇಳಿ. ಪಿತ್ರಾರ್ಜಿತ ಜಮೀನು ಮಾರಿದ ಹಣವಾಗಿದ್ದರೆ ವ್ಯಾಪಾರವೇ ಅವಿಭಕ್ತ ಕುಟುಂಬದ್ದು ಎಂಬ ವಾದಕ್ಕೆ ಜಾಗವಿದೆ. ಹಾಗಾದರೆ ಹುಟ್ಟಿನಿಂದಲೇ ಮಗಳಿಗೂ ಮಗನಷ್ಟೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ವ್ಯಾಖ್ಯಾನಿಸಿ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪ್ರಶ್ನೆಯನ್ನು ಮುಗಿಸಿಬಿಟ್ಟಿದೆ. ಅಂಥ ಸ್ವತ್ತಿನಲ್ಲಿ ತಂದೆ ತಮ್ಮ ಪಾಲಿನಷ್ಟಕ್ಕೆ ಮಾತ್ರ ಉಯಿಲು ಬರೆಯಬಲ್ಲರು. ಸ್ವಂತ ದುಡಿಮೆಯ ಅಥವಾ ಸಾಲದ ಹಣವಾಗಿದ್ದರೆ ಇಡೀ ವ್ಯಾಪಾರವನ್ನು ಅವರಿಷ್ಟದಂತೆ ಬರೆಯಬಹುದು. ಯಾವುದೇ ಆಗಿರಲಿ, ಹಬ್ಬಕ್ಕೆ ತವರಿಗೆ ಬಂದವಳ ಮುಂದೆ ಹಕ್ಕು ಬಿಡುಗಡೆ ಪತ್ರ ಇಟ್ಟು ಸಹಿ ಹಾಕಿಸಿಕೊಳ್ಳುವ ಪದ್ಧತಿಯನ್ನು ದಯವಿಟ್ಟು ಅನುಸರಿಸಬೇಡಿ. ಅದು ಅನ್ಯಾಯ. ಓದಲು ಅವಕಾಶ ಕೊಡದೆ, ಪ್ರತಿಫಲವಿಲ್ಲದೆ, ಒತ್ತಡದಲ್ಲಿ ಪಡೆದ ಪತ್ರವನ್ನು ಅವರು ಮುಂದೊಂದು ದಿನ ಪ್ರಶ್ನಿಸಬಹುದು. ವ್ಯಾಪಾರದಲ್ಲಿ ಇರದವರಿಗೆ ಅದೇ ಮೌಲ್ಯದ ಬೇರೆ ಸ್ವತ್ತು ಕೊಡಬಹುದು, ಇಲ್ಲವೇ ಮತದ ಹಕ್ಕು ಕಡಿಮೆಯಿದ್ದು ಲಾಭಾಂಶ ಮೊದಲು ಸಿಗುವ ಆದ್ಯತಾ ಷೇರುಗಳನ್ನು ಕೊಡಬಹುದು. ಆಡಳಿತ ಮಾಡುವವರಿಗೆ ಅಧಿಕಾರ, ಮಾಡದವರಿಗೆ ನ್ಯಾಯವಾದ ಮೌಲ್ಯ: ಇವೆರಡನ್ನು ಬೇರ್ಪಡಿಸಿ ನೋಡಿದರೆ ದಾರಿ ಸಿಗುತ್ತದೆ.

ಈಗ ಮೂರನೆಯ ಹೆಜ್ಜೆ. ಪಾಲುದಾರಿಕೆ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ಖಾಸಗಿ ಕಂಪನಿ, ಈ ಮೂರರಲ್ಲಿ ಯಾವುದು?

1932ರ ಕಾಯ್ದೆಯ ಸಾಮಾನ್ಯ ಪಾಲುದಾರಿಕೆ ಅಗ್ಗ ಮತ್ತು ಸರಳ. ಆದರೆ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡರೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಇಬ್ಬರೇ ಪಾಲುದಾರರಿದ್ದರೆ 'ಉಳಿದವರು ಮುಂದುವರಿಸತಕ್ಕದ್ದು' ಎಂದು ಬರೆದರೂ ಉಪಯೋಗವಿಲ್ಲ, ಒಬ್ಬರೇ ಪಾಲುದಾರಿಕೆ ನಡೆಸಲಾಗದು. ಒಬ್ಬರು ಮಾಡಿದ ಸಾಲಕ್ಕೆ ಎಲ್ಲರ ಸ್ವಂತ ಮನೆಯೂ ಹೊಣೆ. ನೋಂದಾಯಿಸದ ಪಾಲುದಾರಿಕೆ ಬಾಕಿ ಉಳಿಸಿಕೊಂಡ ಹೋಟೆಲಿನ ಮೇಲೆ ದಾವೆಯನ್ನೂ ಹೂಡಲಾರದು. ದೀರ್ಘಕಾಲದ ಯೋಚನೆಯಿರುವ ನಿಮಗೆ ಇದು ಬೇಡ.

ಎಲ್‌ಎಲ್‌ಪಿಗೆ ಶಾಶ್ವತ ಅಸ್ತಿತ್ವವಿದೆ, ಹೊಣೆಗೆ ಮಿತಿಯಿದೆ. ಪ್ರತಿವರ್ಷ ಮೇ 30ರೊಳಗೆ ಒಂದು, ಅಕ್ಟೋಬರ್ 30ರೊಳಗೆ ಇನ್ನೊಂದು ನಮೂನೆ ಸಲ್ಲಿಸಬೇಕು. ವಹಿವಾಟು 40 ಲಕ್ಷ ರೂಪಾಯಿ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಲೆಕ್ಕಪರಿಶೋಧನೆ ಕಡ್ಡಾಯ. ಲಾಭದ ಮೇಲೆ ತೆರಿಗೆ ಶೇ 30. ಅಣ್ಣತಮ್ಮ ಇಬ್ಬರೂ ದುಡಿಯುವವರು, ಹೊರಗಿನ ಬಂಡವಾಳ ಬೇಡ ಎನ್ನುವ ಕಡೆ ನಾನು ಎಲ್‌ಎಲ್‌ಪಿಯನ್ನೇ ಸೂಚಿಸುತ್ತೇನೆ.

ನಿಮ್ಮ ವಿಷಯದಲ್ಲಿ ಮಾತ್ರ ಖಾಸಗಿ ಕಂಪನಿಯ ಕಡೆಗೆ ವಾಲುತ್ತೇನೆ. ದುಡಿಯದ ವಾರಸುದಾರರು ಇದ್ದಾರೆ, ಮುಂದಿನ ಪೀಳಿಗೆಯಲ್ಲಿ ಇನ್ನೂ ಹೆಚ್ಚುತ್ತಾರೆ. ಮಾಲೀಕತ್ವವನ್ನೂ ಆಡಳಿತವನ್ನೂ ಬೇರೆಬೇರೆ ಕೈಗೆ ಕೊಡಲು ಷೇರಿನಷ್ಟು ಅನುಕೂಲವಾದ ಸಾಧನ ಇನ್ನೊಂದಿಲ್ಲ. ತೆರಿಗೆ ರಿಯಾಯಿತಿಗಳನ್ನು ಬಿಟ್ಟುಕೊಡುವ ಆಯ್ಕೆ ಮಾಡಿಕೊಂಡ ಕಂಪನಿಗೆ ಶೇ 22ರ ಮೂಲ ದರ, ಮೇಲ್ತೆರಿಗೆ ಮತ್ತು ಉಪಕರ ಸೇರಿ ಸುಮಾರು ಶೇ 25.17 ಆಗುತ್ತದೆ, ಆದರೆ ಲಾಭಾಂಶ ಮನೆಗೆ ಬಂದಾಗ ಪಡೆದವರ ಕೈಯಲ್ಲಿ ಮತ್ತೊಮ್ಮೆ ತೆರಿಗೆಯಿದೆ. ಲಾಭವನ್ನು ವ್ಯಾಪಾರದಲ್ಲೇ ತೊಡಗಿಸುವವರಿಗೆ ಇದು ಹೊಂದುತ್ತದೆ, ಪ್ರತಿ ತಿಂಗಳೂ ಎಲ್ಲವನ್ನೂ ಮನೆಗೆ ಒಯ್ಯುವವರಿಗೆ ಹೊಂದುವುದಿಲ್ಲ.

ವರ್ಗಾವಣೆಯಲ್ಲಿ ಎಚ್ಚರ ಬೇಕು. ಏಕವ್ಯಕ್ತಿ ವ್ಯಾಪಾರವನ್ನು ಕಂಪನಿಗೆ ಒಪ್ಪಿಸುವಾಗ ಬಂಡವಾಳ ಲಾಭದ ತೆರಿಗೆ ಬೀಳದಂತೆ ಆದಾಯ ತೆರಿಗೆ ಕಾನೂನು ಒಂದು ದಾರಿ ಇಟ್ಟಿದೆ. 1961ರ ಕಾಯ್ದೆಯಲ್ಲಿ ಅದು 47ನೇ ಸೆಕ್ಷನ್ನಿನ 14ನೇ ಉಪವಾಕ್ಯ. 2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬದಲಾಗಿವೆ, ಆಡಿಟರ್ ಹುಡುಕಿಕೊಡುತ್ತಾರೆ. ಷರತ್ತುಗಳು ಹೀಗಿವೆ: ವ್ಯಾಪಾರದ ಎಲ್ಲ ಆಸ್ತಿ, ಎಲ್ಲ ಹೊಣೆ ಕಂಪನಿಗೆ ಹೋಗಬೇಕು; ತಂದೆಗೆ ಪ್ರತಿಫಲವಾಗಿ ಷೇರು ಬಿಟ್ಟು ಬೇರೇನೂ ಸಿಗಬಾರದು; ಕಂಪನಿಯ ಮತಾಧಿಕಾರದಲ್ಲಿ ಕನಿಷ್ಠ ಶೇ 50 ಅವರದ್ದಾಗಿರಬೇಕು ಮತ್ತು ಐದು ವರ್ಷ ಹಾಗೆಯೇ ಉಳಿಯಬೇಕು. ಕಂಪನಿಯಾದ ಮರುವರ್ಷವೇ ಪ್ರೀತಿಯಿಂದ ಮಕ್ಕಳಿಗೆಲ್ಲ ಷೇರು ದಾನ ಮಾಡಿ ಅವರ ಪಾಲು ಅರ್ಧಕ್ಕಿಂತ ಕೆಳಗಿಳಿದರೆ, ಉಳಿಸಿದ ತೆರಿಗೆ ಮರಳಿ ಬಂದು ಕಂಪನಿಯ ಮೇಲೆ ಕೂರುತ್ತದೆ. ಹುರಿಯುವ ಘಟಕದ ನಿವೇಶನ ತಂದೆಯವರ ವ್ಯಾಪಾರದ ಆಸ್ತಿ-ಹೊಣೆ ಪಟ್ಟಿಯಲ್ಲಿ ಇದೆಯೇ, ಅದರ ಕಟ್ಟಡಕ್ಕೆ ಸವಕಳಿ ಪಡೆದಿದ್ದಾರೆಯೇ ಎಂದು ಮೊದಲೇ ನೋಡಿ. ಇದ್ದರೆ 'ಎಲ್ಲ ಆಸ್ತಿ' ಎಂಬ ಮಾತಿನೊಳಗೆ ಅದೂ ಬರುತ್ತದೆ, ಮುದ್ರಾಂಕ ಶುಲ್ಕದ ಲೆಕ್ಕವೂ ಜೊತೆಗೆ ಬರುತ್ತದೆ. ಇಲ್ಲದಿದ್ದರೆ ನಿವೇಶನವನ್ನು ತಂದೆಯವರ ಹೆಸರಿನಲ್ಲೇ ಉಳಿಸಿ ಕಂಪನಿಗೆ ನೋಂದಾಯಿತ ಗುತ್ತಿಗೆಗೆ ಕೊಡುವುದು ಮೇಲು. ವ್ಯಾಪಾರಕ್ಕೆ ಕೆಟ್ಟ ಕಾಲ ಬಂದಾಗ ಭೂಮಿ ಬೇರೆಯಾಗಿ ಉಳಿದಿರುತ್ತದೆ. ತಂದೆ ತಾಯಿಗೆ ಬಾಡಿಗೆಯ ಆದಾಯವೂ ಆಯಿತು.

ಕಂಪನಿಯ ನಿಯಮಾವಳಿಯನ್ನು, ಅಂದರೆ ಆರ್ಟಿಕಲ್ಸ್ ಅನ್ನು, ಮಾದರಿ ಪ್ರತಿಯಿಂದ ನಕಲು ಮಾಡಿಸಬೇಡಿ. ನಿಮ್ಮ ಮನೆಯ ಒಪ್ಪಂದ ಬದುಕಬೇಕಾದ ಜಾಗ ಅದೇ. ಷೇರನ್ನು ಹೊರಗಿನವರಿಗೆ ಮಾರುವ ಮುನ್ನ ಮನೆಯವರಿಗೆ ತೋರಿಸಬೇಕು, ಬೆಲೆಯನ್ನು ಸ್ವತಂತ್ರ ಮೌಲ್ಯಮಾಪಕರು ಇಂಥ ಸೂತ್ರದಂತೆ ಕಟ್ಟಬೇಕು, ಹಣವನ್ನು ಇಷ್ಟು ಕಂತುಗಳಲ್ಲಿ ಕೊಡಬಹುದು, ಸೊಸೆ ಅಥವಾ ಅಳಿಯ ಷೇರುದಾರರಾಗಬಹುದೇ ಇಲ್ಲವೇ, ಇಷ್ಟು ಲಕ್ಷಕ್ಕಿಂತ ಹೆಚ್ಚಿನ ಸಾಲಕ್ಕೆ ಇಬ್ಬರು ಸಹೋದರರ ಸಹಿಯೂ ಬೇಕು, ಇಬ್ಬರ ಮಾತು ಕೂಡದಿದ್ದರೆ ಮೊದಲು ಮಧ್ಯಸ್ಥಿಕೆ (ಮೀಡಿಯೇಷನ್), ಆಮೇಲೆ ಪಂಚಾಯ್ತಿ ನ್ಯಾಯ (ಆರ್ಬಿಟ್ರೇಷನ್): ಇವೆಲ್ಲ ಅದರೊಳಗೇ ಇರಲಿ. ಪ್ರತ್ಯೇಕ ಕಾಗದದಲ್ಲೋ ಬಾಯಿಮಾತಿನಲ್ಲೋ ಇದ್ದರೆ ಏನಾಗುತ್ತದೆ ಎಂಬುದಕ್ಕೆ ರಂಗರಾಜ್ ಮತ್ತು ಗೋಪಾಲಕೃಷ್ಣನ್ ಪ್ರಕರಣದ ತೀರ್ಪಿದೆ. ಎರಡು ಕವಲುಗಳ ಕುಟುಂಬವೊಂದು ಷೇರುಗಳನ್ನು ಸಮನಾಗಿ ಉಳಿಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಅದು ನಿಯಮಾವಳಿಯಲ್ಲಿ ಇಲ್ಲದ ಕಾರಣ ಕಂಪನಿಯನ್ನೂ ಷೇರುದಾರರನ್ನೂ ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಅಂಗಡಿಯ ಹೆಸರು. ನಿಮ್ಮ ಸ್ವತ್ತಿನಲ್ಲಿ ಬಹುಶಃ ಇದೇ ಅತಿ ಬೆಲೆಬಾಳುವುದು, ಅದೇ ಇಂದು ಬೀದಿಯಲ್ಲಿ ಬಿದ್ದಿದೆ. ಜಿಎಸ್‌ಟಿ ಪತ್ರದಲ್ಲಿ ಹೆಸರಿದ್ದ ಮಾತ್ರಕ್ಕೆ ಅದು ನಿಮ್ಮ ಸ್ವತ್ತಾಗುವುದಿಲ್ಲ, ಕಂಪನಿ ಹೆಸರು ನೋಂದಣಿಯಾದರೂ ಆಗುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಅರ್ಜಿ ಹಾಕಬೇಕು. ಕಾಫಿಪುಡಿ 30ನೇ ವರ್ಗಕ್ಕೆ ಬರುತ್ತದೆ. ಮುಂದೆ ಅಂಗಡಿಯ ಪಕ್ಕದಲ್ಲಿ ಕಾಫಿ ಕುಡಿಯುವ ಜಾಗ ತೆರೆಯುವ ಆಲೋಚನೆಯಿದ್ದರೆ 43ನೇ ವರ್ಗದಲ್ಲೂ ಅರ್ಜಿ ಹಾಕಿ. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ. ನೋಂದಣಿ ಹತ್ತು ವರ್ಷಕ್ಕೆ, ಮತ್ತೆ ಮತ್ತೆ ನವೀಕರಿಸಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ.

ದೇವರ ಹೆಸರಿನದೇ ತೊಡಕು. ಎಲ್ಲರಿಗೂ ಸೇರಿದ ಪವಿತ್ರ ಹೆಸರನ್ನು ಒಬ್ಬರು ತಮ್ಮದೇ ಎನ್ನುವಂತಿಲ್ಲ ಎಂಬ ಧೋರಣೆ ನ್ಯಾಯಾಲಯಗಳದ್ದು. ಅಗರಬತ್ತಿಗೆ 'ರಾಮಾಯಣ' ಎಂಬ ಹೆಸರಿನ ಏಕಸ್ವಾಮ್ಯವನ್ನು ಸುಪ್ರೀಂ ಕೋರ್ಟ್ 2015ರಲ್ಲಿ ನಿರಾಕರಿಸಿತು. ಆದ್ದರಿಂದ ಬರೀ ಹೆಸರಿಗಲ್ಲ, ನಿಮ್ಮ ಪೊಟ್ಟಣದ ಬಣ್ಣ, ಅಕ್ಷರಶೈಲಿ, ಚಿತ್ರ ಎಲ್ಲ ಸೇರಿದ ಲಾಂಛನಕ್ಕೆ ಅರ್ಜಿ ಹಾಕಿ. 1988ರಿಂದಲೂ ಬಳಸುತ್ತಿದ್ದೀರಿ ಎಂಬುದೇ ನಿಮ್ಮ ದೊಡ್ಡ ಬಲ. ಹಳೆಯ ಬಿಲ್ ಪುಸ್ತಕ, ಸ್ಥಳೀಯ ಪತ್ರಿಕೆಯ ಜಾಹೀರಾತು, ಜಾತ್ರೆಯ ಸ್ಮರಣ ಸಂಚಿಕೆಯ ಪುಟ, ಅಂಗಡಿಯ ಫಲಕ ಕಾಣುವ ಹಳೆಯ ಫೋಟೊ, ಯಾವುದನ್ನೂ ಗುಜರಿಗೆ ಹಾಕಬೇಡಿ. ಪಕ್ಕದ ತಾಲ್ಲೂಕಿನವರು ನಿಮಗಿಂತ ಮೊದಲು ನೋಂದಾಯಿಸಿಕೊಂಡರೂ, ಮೊದಲಿನಿಂದ ಬಳಸುತ್ತಿರುವವರ ಹಕ್ಕನ್ನು 34ನೇ ಸೆಕ್ಷನ್ ಕಾಯುತ್ತದೆ, ದಾಖಲೆಯಿದ್ದರೆ. ಅವರಿಗೆ ನೋಟಿಸ್ ಕಳಿಸುವುದನ್ನು ತಡಮಾಡಬೇಡಿ. ವರ್ಷಗಟ್ಟಲೆ ಸುಮ್ಮನಿದ್ದರೆ ನಿಮ್ಮ ಮೌನವೇ ಅವರಿಗೆ ವಾದವಾಗುತ್ತದೆ. ನಮ್ಮದೇ ರಾಜ್ಯದ ನಂದಿನಿ ಪ್ರಕರಣ ನೋಡಿ. ಹಾಲು ಮಹಾಮಂಡಳ 1985ರಿಂದ, ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಹೆಚ್ಚುಕಡಿಮೆ ಒಂದೇ ಹೆಸರನ್ನು ಬಳಸುತ್ತಿದ್ದರು. ಸರಕುಗಳೂ ಲಾಂಛನದ ರೂಪವೂ ಬೇರೆ ಎಂಬ ಕಾರಣಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು. ನಿಮ್ಮ ವಿಷಯದಲ್ಲಿ ಇಬ್ಬರದೂ ಕಾಫಿಪುಡಿ, ಹಾಗಾಗಿ ನಿಮ್ಮ ನಿಲುವು ಗಟ್ಟಿಯಾಗಿದೆ.

ಅರ್ಜಿ ತಂದೆಯ ಹೆಸರಿನಲ್ಲಿರಲಿ. ಕಂಪನಿಯಾದ ಮೇಲೆ ಲಿಖಿತ ಹಸ್ತಾಂತರ ಪತ್ರದ ಮೂಲಕ ಅದಕ್ಕೆ ವರ್ಗಾಯಿಸಿ. ಸಹೋದರರು ಮುಂದೆ ಬೇರೆಯಾದರೆ ಹೆಸರು ಯಾರದ್ದು, ಇನ್ನೊಬ್ಬರು ಯಾವ ಊರಿನಲ್ಲಿ, ಯಾವ ಸರಕಿಗೆ ಬಳಸಬಹುದು ಎಂಬುದನ್ನು ಈಗಲೇ ಬರೆದಿಡಿ. ಬೆಂಗಳೂರಿನ ಎಂಟಿಆರ್ ಉದಾಹರಣೆ ಎಲ್ಲರಿಗೂ ಗೊತ್ತು: ಸಿದ್ಧ ಆಹಾರದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಕೈಸೇರಿತು, ಹೋಟೆಲುಗಳು ಕುಟುಂಬದ ಬಳಿಯೇ ಉಳಿದವು. ಒಂದೇ ಹೆಸರು ಎರಡು ಒಡೆತನಗಳಲ್ಲಿ ಬದುಕಬಲ್ಲದು, ಗಡಿ ಸ್ಪಷ್ಟವಾಗಿದ್ದರೆ.

ಪೇಟೆಯ ಅಂಗಡಿಯ ಬಗ್ಗೆ ನಿಮಗೆ ಅಷ್ಟು ಚಿಂತೆಯಿಲ್ಲ ಎನಿಸುತ್ತದೆ. ಇರಬೇಕಿತ್ತು. ಹಳೆಯ ಬಾಡಿಗೆದಾರರನ್ನು ಯಾರೂ ಎಬ್ಬಿಸಲಾಗದು ಎಂಬ ನಂಬಿಕೆ ನಮ್ಮ ಪೇಟೆಗಳಲ್ಲಿ ಇನ್ನೂ ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರದ ವಾಣಿಜ್ಯ ಮಳಿಗೆಗೆ ಮಾತ್ರ. ನಿಮ್ಮದು ಅದರ ಎರಡರಷ್ಟು. ನಿಮಗೆ ಅನ್ವಯಿಸುವುದು ಸ್ವತ್ತು ವರ್ಗಾವಣೆ ಕಾಯ್ದೆ, 1882. ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಹದಿನೈದು ದಿನದ ನೋಟಿಸಿನಿಂದ ಕೊನೆಗೊಳಿಸಬಹುದು. ಮೂರೂವರೆ ದಶಕದ ಗಿರಾಕಿಗಳು ಬರುವ ಜಾಗ ನಿಂತಿರುವುದು ಹದಿನೈದು ದಿನದ ಮೇಲೆ. ಮಾಲೀಕರೊಡನೆ ಸಂಬಂಧ ಚೆನ್ನಾಗಿರುವಾಗಲೇ ಹೋಗಿ ಮಾತನಾಡಿ. ಅವರ ಮಕ್ಕಳ ಕಾಲಕ್ಕೆ ಆ ದಾಕ್ಷಿಣ್ಯ ಉಳಿಯುವುದಿಲ್ಲ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ, ಕಂಪನಿಯ ಹೆಸರಿನಲ್ಲಿ ಒಂಬತ್ತು ವರ್ಷದ್ದೋ ಅದಕ್ಕೂ ಹೆಚ್ಚಿನದ್ದೋ ಗುತ್ತಿಗೆ ಮಾಡಿಸಿ, ನವೀಕರಣದ ಹಕ್ಕನ್ನೂ ಕಟ್ಟಡ ಮಾರುವುದಾದರೆ ಮೊದಲು ನಿಮಗೆ ಹೇಳಬೇಕೆಂಬ ಷರತ್ತನ್ನೂ ಸೇರಿಸಿ, ನೋಂದಾಯಿಸಿ. ಹನ್ನೊಂದು ತಿಂಗಳ ಕರಾರು ಬರೆಯುವ ಅಭ್ಯಾಸ ನೋಂದಣಿ ತಪ್ಪಿಸಲು ಹುಟ್ಟಿದ್ದು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗದಿದ್ದರೆ ಅದರ ಅವಧಿಯನ್ನು ನ್ಯಾಯಾಲಯದಲ್ಲಿ ಆಧಾರವಾಗಿ ತೋರಿಸಲಾಗದು.

ಬ್ಯಾಂಕಿಗೆ ಹೇಳದೆ ವ್ಯಾಪಾರ ವರ್ಗಾಯಿಸಬೇಡಿ. ಸಾಲದ ಷರತ್ತಿನ ಉಲ್ಲಂಘನೆಯಾಗುತ್ತದೆ. ಕಂಪನಿಯಾದ ಮೇಲೂ ನಿರ್ದೇಶಕರೆಲ್ಲರ ವೈಯಕ್ತಿಕ ಜಾಮೀನನ್ನು ಬ್ಯಾಂಕಿನವರು ಕೇಳುತ್ತಾರೆ. ಹೊಣೆಗೆ ಮಿತಿಯಿದೆ ಎಂಬ ಕಂಪನಿಯ ಅನುಕೂಲ ಆ ಸಹಿಯಷ್ಟರ ಮಟ್ಟಿಗೆ ಇಲ್ಲವಾಗುತ್ತದೆ. ಜಾಮೀನುದಾರ ತೀರಿಕೊಂಡರೆ ಅವರಿಂದ ಬಂದ ಸ್ವತ್ತಿನ ಮಟ್ಟಿಗೆ ವಾರಸುದಾರರು ಹೊಣೆ. ವ್ಯವಹಾರದಲ್ಲಿಲ್ಲದ ತಂಗಿಯ ಸಹಿ ಇದರಲ್ಲಿ ಬೀಳದಂತೆ ನೋಡಿಕೊಳ್ಳಿ. ಅಡವಿಟ್ಟ ಮನೆಯನ್ನು ಬಿಡಿಸಿ ಸರಕಾರದ ಸಾಲ ಖಾತರಿ ಯೋಜನೆಯಡಿ ಸಾಲವನ್ನು ಮುಂದುವರಿಸಲು ಸಾಧ್ಯವೇ ಎಂದು ಕೇಳಿ, ಕೇಳುವುದರಲ್ಲಿ ನಷ್ಟವಿಲ್ಲ.

ಕೆಲಸಗಾರರ ವಿಷಯದಲ್ಲಿ ನಿಮ್ಮ ಪತ್ರ ಸಂಖ್ಯೆ ಬಿಟ್ಟು ಬೇರೇನೂ ಹೇಳುವುದಿಲ್ಲ. ಹತ್ತು ಜನರಿರುವ ಸಂಸ್ಥೆಗೆ ಗ್ರಾಚ್ಯುಟಿ (ದೀರ್ಘ ಸೇವೆಗೆ ಕೊಡುವ ಇಡುಗಂಟು) ಮತ್ತು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಅನ್ವಯಿಸುತ್ತವೆ, ನೀವು ಆ ಮಿತಿ ದಾಟಿದ್ದೀರಿ. ಹದಿನೆಂಟು ವರ್ಷದಿಂದ ಹುರಿಯುವ ಯಂತ್ರದ ಮುಂದೆ ನಿಂತವರ ಲೆಕ್ಕದ ವೇತನ ತಿಂಗಳಿಗೆ 20,000 ರೂಪಾಯಿ ಎಂದುಕೊಂಡರೆ, ತಿಂಗಳಿಗೆ 26 ದಿನವೆಂದು ಎಣಿಸಿ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಅವರೊಬ್ಬರಿಗೇ ಎರಡು ಲಕ್ಷಕ್ಕೂ ಹೆಚ್ಚು ಗ್ರಾಚ್ಯುಟಿ ಕೊಡಬೇಕಾಗುತ್ತದೆ. ಎಲ್ಲರದನ್ನೂ ಕೂಡಿಸಿ ನೋಡಿ. ಇದು ಲೆಕ್ಕಪುಸ್ತಕದಲ್ಲಿ ಕಾಣದ ಸಾಲ. ವ್ಯಾಪಾರ ಕಂಪನಿಗೆ ಹೋಗುವಾಗ ಅವರ ಹಳೆಯ ಸೇವೆ ಮುಂದುವರಿಯುತ್ತದೆ ಎಂದು ಪ್ರತಿಯೊಬ್ಬರಿಗೂ ಪತ್ರ ಕೊಡಿ. ಇದು ಕಾನೂನಿನ ಮಾತು ಮಾತ್ರವಲ್ಲ, ನಿಮ್ಮ ತಂದೆ ಗಳಿಸಿದ ನಂಬಿಕೆಯ ಮಾತು. ಕಾರ್ಮಿಕ ಕಾನೂನುಗಳ ಜಾಗಕ್ಕೆ 2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳು ಬಂದಿವೆ, ಆದ್ದರಿಂದ ನೇಮಕಾತಿ ಪತ್ರಗಳನ್ನು ಹೊಸದಾಗಿಯೇ ಬರೆಸಿ.

ಮಿಶ್ರಣದ ಗುಟ್ಟು, ಅಂದರೆ ಯಾವ ಬೀಜ ಎಷ್ಟು, ಹುರಿಯುವ ಹದ ಯಾವುದು, ಚಿಕೋರಿ ಎಷ್ಟು ಎಂಬುದನ್ನು ಕಾಪಾಡಲು ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಕೆಲಸ ಬಿಟ್ಟವರು ಎದುರಿಗೇ ಅಂಗಡಿ ತೆರೆಯಬಾರದು ಎಂಬ ಕರಾರು ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ನಿನಡಿ ಅನೂರ್ಜಿತ. ಗುಟ್ಟನ್ನು ಹೊರಗೆ ಹೇಳಬಾರದು ಎಂಬ ಕರಾರನ್ನು ಮಾತ್ರ ಮಾಡಿಸಿಕೊಳ್ಳಬಹುದು, ಮಾಡಿಸಿಕೊಳ್ಳಿ. ಆದರೆ ವ್ಯಾಪಾರದ ಹೆಸರು ಮತ್ತು ಗಿರಾಕಿ ಬಳಗವನ್ನು ಬೆಲೆ ಪಡೆದು ಬಿಟ್ಟುಕೊಟ್ಟವರನ್ನು ಮಿತವಾದ ಪ್ರದೇಶದಲ್ಲಿ ತಡೆಯಲು ಅದೇ ಸೆಕ್ಷನ್ ಅವಕಾಶ ಕೊಡುತ್ತದೆ. ಅಣ್ಣತಮ್ಮ ಬೇರೆಯಾಗುವ ದಿನ ಬಂದರೆ ಪ್ರಯೋಜನಕ್ಕೆ ಬರುವುದು ಇದು.

ಪರವಾನಗಿಗಳ ಕೆಲಸ ಬೇಸರದ್ದು, ಕಷ್ಟದ್ದಲ್ಲ. ಕಂಪನಿಗೆ ಹೊಸ ಜಿಎಸ್‌ಟಿ, ಹೊಸ ಆಹಾರ ಪರವಾನಗಿ, ಹೊಸ ಉದ್ಯಮ್ (ಸಣ್ಣ ಉದ್ದಿಮೆಗಳ) ನೋಂದಣಿ, ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಮೆಸ್ಕಾಂ ಸಂಪರ್ಕದ ಹೆಸರು ಬದಲಾವಣೆ ಬೇಕು. ಪೊಟ್ಟಣದ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆಯೂ ಬದಲಾಗುತ್ತದೆ, ಆದ್ದರಿಂದ ವರ್ಗಾವಣೆಗೆ ಮುನ್ನ ಪೊಟ್ಟಣಗಳನ್ನು ರಾಶಿ ಮುದ್ರಿಸಬೇಡಿ. ಯುಪಿಐ ಫಲಕ, ಗಿರಾಕಿಗಳು ಆರ್ಡರ್ ಕಳಿಸುವ ವಾಟ್ಸ್ಆ್ಯಪ್ ಸಂಖ್ಯೆ, ಗೂಗಲ್ ನಕ್ಷೆಯಲ್ಲಿನ ಅಂಗಡಿಯ ಪುಟ ಯಾರ ಹೆಸರಿನಲ್ಲಿವೆ ಎಂದೂ ನೋಡಿಕೊಳ್ಳಿ. ವರ್ಗಾವಣೆಯನ್ನು ಏಪ್ರಿಲ್ 1ಕ್ಕೆ ಹೊಂದಿಸಿದರೆ ಲೆಕ್ಕ ಎರಡು ತುಂಡಾಗುವುದಿಲ್ಲ. ಅದಕ್ಕೆ ಆರು ತಿಂಗಳ ಮುಂಚೆ ಬ್ಯಾಂಕು ಮತ್ತು ಅಂಗಡಿ ಕಟ್ಟಡದ ಮಾಲೀಕರೊಡನೆ ಮಾತು ಆರಂಭಿಸಿ.

ತಂದೆ ಈಗಲೇ ಮನೆಯನ್ನೋ ನಿವೇಶನವನ್ನೋ ಮಕ್ಕಳಿಗೆ ದಾನಪತ್ರ ಮಾಡಿಕೊಡುತ್ತೇನೆಂದರೆ, ನೀವು ಮಗನಾಗಿದ್ದರೂ ತಡೆಯಿರಿ. ದಾನಪತ್ರವನ್ನು ಉಯಿಲಿನಂತೆ ನಾಳೆ ಬದಲಿಸಲಾಗದು. ಮಾಡಲೇಬೇಕೆಂದರೆ ತಂದೆ ತಾಯಿಯನ್ನು ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಬರೆಸಿ. ಆಗ ಮಾತ್ರ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅವರ ನೆರವಿಗೆ ಖಚಿತವಾಗಿ ಬರುತ್ತದೆ.

ವಕೀಲರ ಬಳಿಗೆ ಮೊದಲ ಸಲ ಹೋಗುವಾಗ ನಿವೇಶನ ಮತ್ತು ಮನೆಯ ಕ್ರಯಪತ್ರ, ಕಳೆದ ಮೂರು ವರ್ಷದ ಆಸ್ತಿ-ಹೊಣೆ ಪಟ್ಟಿ, ಸಾಲ ಮಂಜೂರಾತಿ ಪತ್ರ, ಸಿಕ್ಕರೆ ಮೊದಲ ಬಾಡಿಗೆ ಕರಾರು, ಕೆಲಸಗಾರರ ಸೇರಿದ ದಿನಾಂಕಗಳ ಪಟ್ಟಿ ಒಯ್ಯಿರಿ. ತಮ್ಮನನ್ನೂ ತಂಗಿಯನ್ನೂ ಕರೆದುಕೊಂಡು ಹೋಗಿ. ಉಯಿಲಿನ ಮಾತಿಗೆ ಮಾತ್ರ ತಂದೆ ಒಬ್ಬರೇ ವಕೀಲರೊಡನೆ ಕುಳಿತುಕೊಳ್ಳಲಿ, ನೀವು ಹೊರಗಿರಿ. ನೀವು ಪಕ್ಕದಲ್ಲಿದ್ದು ಬರೆಸಿದ ಉಯಿಲು ನಿಮ್ಮ ಪರವಾಗಿದ್ದರೆ, ಅದನ್ನು ಪ್ರಶ್ನಿಸುವವರ ಮೊದಲ ವಾದವೇ ಅದಾಗಿರುತ್ತದೆ.